ದೋಣಿ ಓಡುವಾಗ ಆಳ ಕಾಣದ ಸೋನಾರ್: ಟ್ರಾನ್ಸ್‌ಡ್ಯೂಸರ್ ಬದಲಿಸುವ ಮೊದಲು ಜಾಗ ಬದಲಿಸಿ ನೋಡಿ

ಪ್ರಶ್ನೆ: ನಮ್ಮದು ಹಾವೇರಿ ತಾಲ್ಲೂಕು, ಗಳಗನಾಥದ ಹತ್ತಿರದ ಹಳ್ಳಿ. ತುಂಗಭದ್ರಾ ಹೊಳೆಯಲ್ಲಿ ಮೀನು ಹಿಡಿಯುತ್ತೇವೆ. 14 ಅಡಿಯ ಫೈಬರ್ ದೋಣಿ ಇದೆ, ತಳ ಚಪ್ಪಟೆ. 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ (ದೋಣಿಯ ಹಿಂದೆ ಹೊರಗೆ ತೂಗುಹಾಕುವಂಥದ್ದು) ಹಾಕಿದ್ದೇವೆ. ಈ ವರ್ಷ ಫಿಶ್ ಫೈಂಡರ್, ಅಂದರೆ ನೀರಿಗೆ ಸದ್ದು ಬಿಟ್ಟು ಆಳ, ಮೀನು ತೋರಿಸುವ ಸೋನಾರ್ ಯಂತ್ರ ತಂದೆವು. ನೀರಿನಲ್ಲಿದ್ದು ಸದ್ದು ಬಿಡುವ ಅದರ ಭಾಗವಾದ ಟ್ರಾನ್ಸ್‌ಡ್ಯೂಸರನ್ನು ದೋಣಿಯ ಹಿಂದೆ, ಎಂಜಿನ್ನಿನ ಪಕ್ಕದಲ್ಲೇ ಎರಡು ಸ್ಕ್ರೂ ಹೊಡೆದು ಕೂರಿಸಿದ್ದೇವೆ. ದೋಣಿ ನಿಂತಾಗ 11 ಅಡಿ ಎಂದು ತೋರಿಸುತ್ತದೆ, ಗಳ ಇಳಿಸಿ ನೋಡಿದರೂ ಅಷ್ಟೇ ಇದೆ. ಎಂಜಿನ್ ಜೋರು ಮಾಡಿದರೆ ಆಳ ಮಾಯ. ಒಮ್ಮೊಮ್ಮೆ 22 ಎಂದು ತೋರಿಸುತ್ತದೆ, ಇಲ್ಲದಿದ್ದರೆ ಪರದೆ ತುಂಬ ಗೆರೆ. ಟ್ರಾನ್ಸ್‌ಡ್ಯೂಸರ್ ಹೋಗಿದೆ, ಹೊಸದು ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಹೊಸದು ತಂದರೆ ತೂತು ಕೊರೆಯದೆ ದೋಣಿಯ ಒಳಗೇ ಅಂಟಿಸಬಹುದಾ? ಸರಿ ಕೂತಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ಹೇಗೆ? ಇದನ್ನೇ ಬಿಚ್ಚಿ ಹರಿಗೋಲಿಗೂ ಕಟ್ಟಬಹುದಾ?

ಉತ್ತರ: ಮೊದಲ ಮಾತು, ಹೊಸದಕ್ಕೆ ದುಡ್ಡು ಕೊಡಬೇಡಿ. ಈಗಲೇ ಅಂತೂ ಬೇಡ. ನಿಂತ ದೋಣಿಯಲ್ಲಿ 11 ಅಡಿ ಬರುತ್ತದೆ, ಗಳದ ಅಳತೆಗೂ ಅದು ಹೊಂದುತ್ತದೆ ಎಂದು ನೀವೇ ಬರೆದಿದ್ದೀರಿ. ಟ್ರಾನ್ಸ್‌ಡ್ಯೂಸರ್ ನಿಜವಾಗಿ ಕೆಟ್ಟಿದ್ದರೆ ದೋಣಿ ನಿಂತಿದೆಯೋ ಓಡುತ್ತಿದೆಯೋ ಎಂದು ನೋಡಿಕೊಂಡು ತಪ್ಪು ಮಾಡುವುದಿಲ್ಲ. ನಿಂತಾಗಲೂ ತಪ್ಪೇ ತೋರಿಸುತ್ತದೆ. ಇದಕ್ಕೆ ಒಂದೇ ಅಪವಾದ ಇದೆ: ಎಂಜಿನ್ನಿನ ಅದುರಿಗೆ ಪ್ಲಗ್ ಸಡಿಲಾಗಿ ಸಂಪರ್ಕ ತಪ್ಪುವುದು. ಫಿಶ್ ಫೈಂಡರಿನ ಹಿಂದಿನ ಪ್ಲಗ್ ಬಿಚ್ಚಿ, ಪಿನ್ನುಗಳಲ್ಲಿ ಹಸಿರು ಕಿಲುಬು ಅಥವಾ ನೀರಿನ ಪಸೆ ಇದೆಯಾ ನೋಡಿ. ಒರೆಸಿ, ಬಿಗಿಯಾಗಿ ಮತ್ತೆ ಹಾಕಿ. ಅಲ್ಲಿ ಏನೂ ಇಲ್ಲದಿದ್ದರೆ ತಪ್ಪಿರುವುದು ಅದನ್ನು ಕೂರಿಸಿದ ಜಾಗದಲ್ಲಿ.

ಯಾಕೆ ಅನ್ನುವುದು ತಿಳಿದರೆ ಮುಂದಿನ ಕೆಲಸ ಸುಲಭ. ಟ್ರಾನ್ಸ್‌ಡ್ಯೂಸರಿನೊಳಗೆ ಒಂದು ಸೆರಾಮಿಕ್ ಬಿಲ್ಲೆ ಇರುತ್ತದೆ. ಕರೆಂಟ್ ಕೊಟ್ಟರೆ ಅದು ನಡುಗಿ ಸದ್ದು ಮಾಡುತ್ತದೆ. ಸದ್ದು ತಳಕ್ಕೆ ಬಡಿದು ವಾಪಸ್ ಬಂದಾಗ ಅದೇ ಬಿಲ್ಲೆ ಅದನ್ನು ಹಿಡಿದು ಮತ್ತೆ ಕರೆಂಟ್ ಮಾಡುತ್ತದೆ. ಹೋಗಿ ಬರಲು ಹಿಡಿದ ಸಮಯವೇ ಆಳದ ಲೆಕ್ಕ. ನಮ್ಮ ಕಡೆಯ ಹೊಳೆ ನೀರು 25 ಡಿಗ್ರಿ ಇದ್ದರೆ ಸದ್ದು ಅದರಲ್ಲಿ ಸೆಕೆಂಡಿಗೆ ಸುಮಾರು 1,497 ಮೀಟರ್ ಓಡುತ್ತದೆ. ಅಂದರೆ ನಿಮ್ಮ 11 ಅಡಿ ನೀರಿನಲ್ಲಿ ಹೋಗಿ ಬರಲು ಬೇಕಾಗುವುದು ಒಂದು ಸೆಕೆಂಡನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ನಾಲ್ಕೂವರೆ ಭಾಗ ಅಷ್ಟೇ. ಬೇಸಿಗೆಯಲ್ಲಿ ನೀರು 30 ಡಿಗ್ರಿಗೆ ಏರಿದರೆ ವೇಗ ಸುಮಾರು 1,509 ಮೀಟರ್ ಆಗುತ್ತದೆ. ವ್ಯತ್ಯಾಸ ನೂರಕ್ಕೆ ಒಂದರಷ್ಟೂ ಇಲ್ಲ. ನಿಮ್ಮ ಆಳದಲ್ಲಿ ಅದು ಒಂದು ಇಂಚು ಬಂದರೆ ಹೆಚ್ಚು. ಹಾಗಾಗಿ ನೀರಿನ ಬಿಸಿಯ ಚಿಂತೆ ಬಿಟ್ಟುಬಿಡಿ.

ಚಿಂತೆ ಮಾಡಬೇಕಾದದ್ದು ಗಾಳಿಯ ಬಗ್ಗೆ. ನೀರಿನಲ್ಲಿ ಓಡುವ ಸದ್ದು ಗಾಳಿಗೆ ಎದುರಾದರೆ ಮುಂದೆ ಹೋಗುವುದಿಲ್ಲ, ತಿರುಗಿ ಬಿಡುತ್ತದೆ. ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು ಟ್ರಾನ್ಸ್‌ಡ್ಯೂಸರಿನ ಮುಖದ ಕೆಳಗೆ ಹರಿದರೂ ಸಾಕು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಕೂಗಿದ ಹಾಗೆ ಆಗುತ್ತದೆ. ನೀವು ಅದನ್ನು ಕೂರಿಸಿರುವುದು ಎಂಜಿನ್ನಿನ ಕಾಲಿನ (ನೀರಿಗೆ ಇಳಿಯುವ ಭಾಗದ) ಪಕ್ಕದಲ್ಲೇ. ದೋಣಿ ಓಡುವಾಗ ಅತಿ ಹೆಚ್ಚು ನೊರೆ ಏಳುವ ಜಾಗ ಅದು. ಪ್ರೊಪೆಲ್ಲರ್ ಕಲಕಿದ ನೀರು, ಕಾಲಿನ ಸುತ್ತ ಎಳೆದು ಬಂದ ಗಾಳಿ, ಎರಡೂ ಅಲ್ಲೇ ಸೇರುತ್ತವೆ. ನಿಂತಾಗ ಗುಳ್ಳೆ ಇಲ್ಲ, ಆಳ ಸರಿ. ಓಡುವಾಗ ಗುಳ್ಳೆ, ಆಳ ಮಾಯ.

ಆದರೆ ಪರದೆ ತುಂಬ ಗೆರೆ ಬರುತ್ತದೆ ಎಂದೂ ಬರೆದಿದ್ದೀರಿ. ಅದಕ್ಕೆ ಗುಳ್ಳೆಯೂ ಕಾರಣ ಆಗಬಹುದು, ಎಂಜಿನ್ನಿನ ಕರೆಂಟಿನ ಗದ್ದಲವೂ (ಅದರ ಕರೆಂಟು ಫಿಶ್ ಫೈಂಡರಿನ ತಂತಿಗಳಿಗೆ ಅಡ್ಡಿ ಮಾಡುವುದು) ಆಗಬಹುದು. ಇವೆರಡನ್ನು ಬೇರೆ ಮಾಡಿ ನೋಡದೆ ಸ್ಕ್ರೂ ಬಿಚ್ಚಬೇಡಿ. ಹೀಗೆ ಮಾಡಿ. ಹತ್ತು ಹನ್ನೆರಡು ಅಡಿ ನೀರಿರುವ ಕಡೆ ದೋಣಿ ನಿಲ್ಲಿಸಿ, ಲಂಗರು ಹಾಕಿ. ಎಂಜಿನ್ ಬಂದ್ ಇರಲಿ. ಯಂತ್ರದಲ್ಲಿ ಸೆನ್ಸಿಟಿವಿಟಿಯನ್ನು (ವಾಪಸ್ ಬಂದ ಸದ್ದನ್ನು ಎಷ್ಟು ಸೂಕ್ಷ್ಮವಾಗಿ ಹಿಡಿಯಬೇಕು ಎನ್ನುವ ಮಟ್ಟವನ್ನು) ಆಟೋದಿಂದ ಮ್ಯಾನ್ಯುಯಲ್‌ಗೆ ತನ್ನಿ, ತಳ ಚೆನ್ನಾಗಿ ಕಂಡು ಉಳಿದ ಪರದೆ ಹೆಚ್ಚುಕಡಿಮೆ ಸ್ವಚ್ಛ ಇರುವ ಮಟ್ಟಕ್ಕೆ ನಿಲ್ಲಿಸಿ. ಇನ್ನು ಅದನ್ನು ಮುಟ್ಟಬೇಡಿ. ಆಟೋದಲ್ಲಿ ಬಿಟ್ಟರೆ ಯಂತ್ರವೇ ಏರಿಳಿಸುತ್ತಾ ಹೋಗುತ್ತದೆ, ಬದಲಾಗಿದ್ದು ಏನು ಎಂದು ನಿಮಗೆ ತಿಳಿಯುವುದಿಲ್ಲ. ಈಗ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲೇ ಇಡಿ, ನಿಧಾನಕ್ಕೆ ಸ್ವಲ್ಪ ರೇಸ್ ಕೊಡಿ. ದೋಣಿ ಅಲುಗಿಲ್ಲ, ಪ್ರೊಪೆಲ್ಲರ್ ತಿರುಗಿಲ್ಲ. ಆದರೂ ಪರದೆ ಮೇಲೆ ಗೆರೆ ಬಂದರೆ, ರೇಸ್ ಏರಿದಂತೆ ಗೆರೆಯೂ ಹೆಚ್ಚಾದರೆ, ಅದು ಕರೆಂಟಿನ ಗದ್ದಲ. ನ್ಯೂಟ್ರಲ್‌ನಲ್ಲಿ ಸ್ವಚ್ಛ ಇದ್ದು ದೋಣಿ ಓಡಿದಾಗ ಮಾತ್ರ ಗೆರೆ ಬಂದರೆ ಅದು ಗುಳ್ಳೆ. ಅನುಮಾನ ಉಳಿದರೆ ಓಡುವ ದೋಣಿಯ ಎಂಜಿನ್ನನ್ನು ಒಮ್ಮೆಗೇ ಬಂದ್ ಮಾಡಿ, ಪರದೆ ನೋಡುತ್ತಾ ಇರಿ. ಕರೆಂಟಿನ ಗದ್ದಲ ಆ ಕ್ಷಣವೇ ನಿಲ್ಲುತ್ತದೆ. ಗುಳ್ಳೆಯದಾದರೆ ದೋಣಿಯ ಓಟ ಇಳಿಯುವವರೆಗೆ ಉಳಿದು ಆಮೇಲೆ ಕರಗುತ್ತದೆ.

ಕರೆಂಟಿನ ಗದ್ದಲಕ್ಕೆ ಮದ್ದು ಸುಲಭ. ಹುಬ್ಬಳ್ಳಿಯಲ್ಲಾಗಲಿ ಹಾವೇರಿಯಲ್ಲಾಗಲಿ ಯಾವ ಬ್ಯಾಟರಿ ಅಂಗಡಿಯಲ್ಲೂ ಯುಪಿಎಸ್‌ಗೆ ಹಾಕುವ 12 ವೋಲ್ಟ್, 7 ಎಎಚ್‌ನ ಸಣ್ಣ ಬ್ಯಾಟರಿ ಸಿಗುತ್ತದೆ. ಫಿಶ್ ಫೈಂಡರಿಗೆ ಅದನ್ನೇ ಬೇರೆಯಾಗಿ ಕೊಡಿ, ಎಂಜಿನ್ನಿನ ಬ್ಯಾಟರಿಗೆ ಸಂಬಂಧವೇ ಬೇಡ. ಸಣ್ಣ ಪರದೆಯ ಯಂತ್ರಗಳು ಅರ್ಧದಿಂದ ಒಂದು ಆಂಪಿಯರ್ ಎಳೆಯುತ್ತವೆ, ಅಂದರೆ ಒಂದು ಹೊತ್ತಿನ ಮೀನುಗಾರಿಕೆಗೆ ಧಾರಾಳ ಸಾಕು. ಪಾಸಿಟಿವ್ ತಂತಿಗೆ ಯಂತ್ರದ ಪುಸ್ತಕದಲ್ಲಿ ಹೇಳಿದಷ್ಟರ ಫ್ಯೂಸ್ ಬ್ಯಾಟರಿ ಹತ್ತಿರವೇ ಇರಲಿ. ಸಾಮಾನ್ಯವಾಗಿ ಅದು 3 ಆಂಪಿಯರ್ ಇರುತ್ತದೆ. ಟ್ರಾನ್ಸ್‌ಡ್ಯೂಸರಿನ ಕೇಬಲ್ ಮತ್ತು ಎಂಜಿನ್ನಿನ ತಂತಿಗಳನ್ನು ಒಂದೇ ಕಟ್ಟಿನಲ್ಲಿ ಬಿಗಿಯಬೇಡಿ. ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ ಹೋಗಲಿ. ಅಷ್ಟಾದ ಮೇಲೂ ಗೆರೆ ಉಳಿದರೆ ಸ್ಪಾರ್ಕ್ ಪ್ಲಗ್ ನೋಡಿ. ಗದ್ದಲ ತಡೆಯಲು ಒಳಗೇ ರೆಸಿಸ್ಟರ್ ಇಟ್ಟ ಪ್ಲಗ್‌ಗಳು ಬೇರೆ ಇರುತ್ತವೆ. ನಿಮ್ಮ ಎಂಜಿನ್ನಿಗೆ ಕಂಪನಿ ಹೇಳಿದ್ದು ಅದೇ ಆಗಿದ್ದು ಯಾರೋ ಸಾದಾ ಪ್ಲಗ್ ಹಾಕಿದ್ದರೆ ಗದ್ದಲ ಬರುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕೇಬಲ್ ಉದ್ದ ಜಾಸ್ತಿ ಆಯಿತು ಎಂದು ಕತ್ತರಿಸಬೇಡಿ. ಕತ್ತರಿಸಿ ಟೇಪ್ ಸುತ್ತಿ ಜೋಡಿಸಿದ ಕೇಬಲ್ಲುಗಳು ರಿಪೇರಿಗೆ ಬರುತ್ತಲೇ ಇರುತ್ತವೆ. ಒಳಗೆ ತಂತಿಯ ಸುತ್ತ ಜಾಲರಿಯ ಕವಚ ಇರುತ್ತದೆ, ಹೊರಗಿನ ಗದ್ದಲ ತಡೆಯುವುದು ಅದೇ. ಜೋಡಿಸಿದ ಕಡೆ ಕವಚ ಹರಿದಿರುತ್ತದೆ, ನೀರೂ ಒಳಗೆ ಹೋಗುತ್ತದೆ. ಹೆಚ್ಚಾದ ಕೇಬಲ್ಲನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಸಡಿಲಾಗಿ ಸುತ್ತಿ ಒಂದು ಕಡೆ ಕಟ್ಟಿಡಿ ಸಾಕು.

ಈಗ ಗುಳ್ಳೆಯ ವಿಷಯ. ನಿಮ್ಮದು ಇದೇ ಎಂದು ನನ್ನ ಅಂದಾಜು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ. ಹೊಸ ಜಾಗ ಹುಡುಕಲು ಮೊದಲು ಕಣ್ಣೇ ಸಾಕು. ಒಬ್ಬರು ದೋಣಿ ಓಡಿಸಲಿ, ಇನ್ನೊಬ್ಬರು ಲೈಫ್ ಜಾಕೆಟ್ ಹಾಕಿಕೊಂಡು ಹಿಂದೆ ಕೂತು, ಹಿಂಬದಿ ಹಲಗೆಯ ಕೆಳಗಿನಿಂದ ನೀರು ಹೊರಗೆ ಬರುವುದನ್ನು ಗಮನಿಸಲಿ. ದಿನಾ ನೀವು ಓಡುವ ವೇಗದಲ್ಲೇ ಓಡಿಸಿ. ಕೆಲವು ಕಡೆ ನೀರು ಬೆಳ್ಳಗೆ ನೊರೆಯಾಗಿ ಬರುತ್ತದೆ. ಕೆಲವು ಕಡೆ ಗಾಜಿನ ಹಾಗೆ ನಯವಾಗಿ ಜಾರಿ ಬರುತ್ತದೆ. ನಯವಾದ ಜಾಗಕ್ಕೆ ಹಲಗೆಯ ಮೇಲೆ ಮಾರ್ಕರ್‌ನಿಂದ ಗುರುತು ಹಾಕಿ. ದೋಣಿಯ ತಳದಲ್ಲಿ ಉದ್ದಕ್ಕೆ ಏಣು ಇದ್ದರೆ, ಹಳೆಯ ಪ್ಯಾಚ್ ಇದ್ದರೆ, ಅದರ ನೇರ ಹಿಂದೆ ನೊರೆ ಇದ್ದೇ ಇರುತ್ತದೆ. ಆ ಸಾಲು ಬಿಡಿ.

ಸಾಮಾನ್ಯವಾಗಿ ಸಣ್ಣ ಔಟ್‌ಬೋರ್ಡ್ ಎಂಜಿನ್ನುಗಳ ಪ್ರೊಪೆಲ್ಲರ್, ಹಿಂದೆ ನಿಂತು ನೋಡಿದರೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಅಂದರೆ ಬಲಬದಿಯಲ್ಲಿ ಅಲಗು ಮೇಲಿನಿಂದ ಕೆಳಗೆ ಇಳಿಯುತ್ತದೆ, ಎಡಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ ಏಳುತ್ತದೆ. ಇಳಿಯುವ ಬದಿಯಲ್ಲಿ ನೀರು ಕಡಿಮೆ ಕಲಕುತ್ತದೆ. ಅದಕ್ಕೇ ಟ್ರಾನ್ಸ್‌ಡ್ಯೂಸರ್ ಬಲಬದಿಗೆ ಇರಲಿ ಎನ್ನುವುದು. ಪ್ರೊಪೆಲ್ಲರಿನಿಂದ ಕನಿಷ್ಠ 15 ಇಂಚು ದೂರ ಇರಬೇಕು. ಆದರೆ ಪೂರ್ತಿ ಅಂಚಿಗೂ ಒಯ್ಯಬೇಡಿ. ದೋಣಿ ತಿರುಗುವಾಗ ಅಂಚು ನೀರಿನಿಂದ ಮೇಲೆ ಏಳುತ್ತದೆ, ಆಗ ಮತ್ತೆ ಆಳ ಮಾಯ. ನಿಮ್ಮ ಅಳತೆಯ ದೋಣಿಗೆ ಎಂಜಿನ್ನಿನ ನಡುವಿನಿಂದ 16ರಿಂದ 20 ಇಂಚಿನ ಒಳಗೆ ಎಲ್ಲೋ ಒಂದು ಕಡೆ ಒಳ್ಳೆಯ ಜಾಗ ಸಿಗಬೇಕು.

ಇಲ್ಲೂ ಡ್ರಿಲ್ ಕೈಗೆ ತೆಗೆದುಕೊಳ್ಳಬೇಡಿ. ಎರಡು ಇಂಚು ಅಗಲದ ಒಂದು ಕಟ್ಟಿಗೆಯ ರೀಪು ತನ್ನಿ, ಎರಡೂವರೆ ಅಡಿ ಉದ್ದ ಸಾಕು. ಟ್ರಾನ್ಸ್‌ಡ್ಯೂಸರನ್ನು ಅದರ ತುದಿಗೆ ಅದರದೇ ಬ್ರಾಕೆಟ್‌ನಿಂದ ಕೂರಿಸಿ. ರೀಪನ್ನು ಹಿಂಬದಿ ಹಲಗೆಗೆ ಬಡಗಿಗಳು ಬಳಸುವ ಎರಡು ಸಿ-ಕ್ಲ್ಯಾಂಪ್ ಹಾಕಿ ಬಿಗಿಯಿರಿ. ಜಾರಿ ಬಿದ್ದರೂ ಹೊಳೆ ಪಾಲಾಗದಂತೆ ಒಂದು ದಾರದಿಂದ ದೋಣಿಗೆ ಕಟ್ಟಿ. ಗುರುತು ಹಾಕಿದ ಜಾಗದಲ್ಲಿ ಮೊದಲು ಓಡಿಸಿ. ನಿಧಾನ, ಮಧ್ಯಮ, ಜೋರು, ಆಮೇಲೆ ಎಡಕ್ಕೆ ಬಲಕ್ಕೆ ತಿರುವು. ತಳದ ಗೆರೆ ಎಲ್ಲಿ ಕಡಿಯಿತು ಎಂದು ಬರೆದಿಟ್ಟುಕೊಳ್ಳಿ. ಎರಡು ಇಂಚು ಸರಿಸಿ, ಮತ್ತೆ ಅದೇ ನೀರಿನಲ್ಲಿ ಅದೇ ಓಟ. ಒಂದು ಮುಂಜಾನೆ ಇದಕ್ಕೇ ಹೋಗಲಿ. ದೋಣಿಗೆ ಒಂದು ಹೊಸ ತೂತೂ ಬೀಳದೆ ಸರಿಯಾದ ಜಾಗ ಗೊತ್ತಾಗುತ್ತದೆ ಅಲ್ವಾ?

ಎತ್ತರವೂ ಮುಖ್ಯ. ಫೈಬರ್ ದೋಣಿಗೆ ಟ್ರಾನ್ಸ್‌ಡ್ಯೂಸರಿನ ಮುಖ ತಳಕ್ಕಿಂತ ಸುಮಾರು 3 ಮಿಲಿಮೀಟರ್ ಕೆಳಗೆ ಇಳಿದಿರಬೇಕು. ಅಲ್ಯೂಮಿನಿಯಂ ದೋಣಿಗಾದರೆ 10 ಮಿಲಿಮೀಟರ್. ಮೇಲೆ ಹೋದರೆ ತಳದಿಂದ ಜಾರಿ ಬರುವ ಗುಳ್ಳೆ ಮುಖಕ್ಕೆ ಬಡಿಯುತ್ತದೆ. ಜಾಸ್ತಿ ಕೆಳಗೆ ಇಳಿಸಿದರೆ ನೀರನ್ನು ಸೀಳಿ ಹಿಂದೆ ಕಾರಂಜಿ ಏಳಿಸುತ್ತದೆ, ತೇಲಿ ಬಂದ ಕೊಂಬೆಗೂ ಮೊದಲು ಸಿಗುತ್ತದೆ. ದೋಣಿ ನೀರಿನಲ್ಲಿ ಸಮಕ್ಕೆ ನಿಂತಾಗ ಮುಖ ನೇರ ಕೆಳಗೆ ನೋಡಬೇಕು. ರಸಮಟ್ಟ ಇಟ್ಟು ಎಡಬಲ ನೋಡಿಕೊಳ್ಳಿ. ಹಿಂದುಮುಂದಾದರೆ ಹಿಂತುದಿ ಕೂದಲೆಳೆಯಷ್ಟು ತಗ್ಗಿರಲಿ. ಮೂತಿ ತಗ್ಗಿದ್ದರೆ ಮುಖದ ಹಿಂಭಾಗದಲ್ಲಿ ನೀರು ಬಿಟ್ಟುಹೋಗಿ ಗುಳ್ಳೆ ಸೇರುತ್ತದೆ.

ಜಾಗ ಖಾತ್ರಿಯಾದ ಮೇಲೆ ಕಾಯಂ ಕೆಲಸ. ನನ್ನ ಸಲಹೆ ಏನೆಂದರೆ, ಟ್ರಾನ್ಸ್‌ಡ್ಯೂಸರನ್ನು ನೇರ ದೋಣಿಗೆ ಹೊಡೆಯಬೇಡಿ. ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ದಪ್ಪ ಬಿಳಿ ಪ್ಲಾಸ್ಟಿಕ್ ಮಣೆ ಇರುತ್ತದಲ್ಲ, ಅಂಥದರಲ್ಲಿ ಅಂಗೈ ಅಗಲದ ತುಂಡು ಕತ್ತರಿಸಿಕೊಂಡು ಮೊದಲು ಅದನ್ನು ಹಲಗೆಗೆ ಸ್ಕ್ರೂ ಮಾಡಿ. ಆ ಪ್ಲಾಸ್ಟಿಕ್‌ಗೆ ಅಂಟು ಹಿಡಿಯುವುದಿಲ್ಲ, ಸ್ಕ್ರೂ ಬೇಕೇ ಬೇಕು. ಟ್ರಾನ್ಸ್‌ಡ್ಯೂಸರಿನ ಬ್ರಾಕೆಟ್ ಆ ತುಂಡಿನ ಮೇಲೆ ಕೂರಲಿ. ಮುಂದೆ ಅರ್ಧ ಇಂಚು ಏರಿಸಬೇಕು ಇಳಿಸಬೇಕು ಎನಿಸಿದರೆ ಹೊಸ ತೂತು ಪ್ಲಾಸ್ಟಿಕ್‌ಗೆ ಬೀಳುತ್ತದೆ, ದೋಣಿಗಲ್ಲ.

ತೂತು ಕೊರೆಯುವಾಗ ಡ್ರಿಲ್ ಬಿಟ್ಟಿಗೆ ಬೇಕಾದ ಆಳದಲ್ಲಿ ಟೇಪ್ ಸುತ್ತಿ, ಅದಕ್ಕಿಂತ ಒಳಗೆ ಹೋಗದಿರಲಿ. ಫೈಬರಿನ ಮೇಲಿನ ಹೊಳಪಿನ ಪದರ ಬಿರುಕು ಬಿಡುತ್ತದೆ, ಹಾಗಾಗಿ ಮೊದಲು ಡ್ರಿಲ್ಲನ್ನು ಉಲ್ಟಾ ತಿರುಗಿಸಿ ಆ ಪದರ ಸವೆಸಿ, ಆಮೇಲೆ ಸುಲ್ಟಾ. ತೂತಿನೊಳಗೂ ಸ್ಕ್ರೂವಿನ ಎಳೆಗೂ ದೋಣಿಗೆಂದೇ ಬರುವ ಪಾಲಿಯುರಿಥೇನ್ ಸೀಲಂಟ್ ತುಂಬಿ. ಬಾತ್‌ರೂಮಿಗೆ ಹಾಕುವ, ವಿನೆಗರ್ ವಾಸನೆಯ ಸಿಲಿಕೋನ್ ಬೇಡ. ನಮ್ಮ ಪೇಟೆಯಲ್ಲಿ ಒಳ್ಳೆಯ ಸೀಲಂಟ್ ಸಿಗದಿದ್ದರೆ ಅಂಕೋಲಾ, ಕಾರವಾರದ ಕಡೆ ಹೋಗುವವರ ಕೈಲಿ ತರಿಸಿಕೊಳ್ಳಿ. ಇದರಲ್ಲಿ ಯಾಕೆ ಇಷ್ಟು ಹಠ ಅಂದರೆ, ಫೈಬರ್ ದೋಣಿಯ ಹಿಂಬದಿ ಹಲಗೆಯೊಳಗೆ ಬಹಳ ಸಲ ಪ್ಲೈವುಡ್ ಇರುತ್ತದೆ. ಎಂಜಿನ್ ನೇತಾಡುವುದು ಅದರ ಬಲದ ಮೇಲೆ. ಸ್ಕ್ರೂ ಸಂದಿಯಿಂದ ನೀರು ಒಳಗೆ ಇಳಿದರೆ ಹೊರಗೆ ಏನೂ ಕಾಣದೆ ಒಳಗಿನ ಕಟ್ಟಿಗೆ ಕೊಳೆಯುತ್ತದೆ. ನೀವು ಈಗಾಗಲೇ ಹೊಡೆದ ಎರಡು ಸ್ಕ್ರೂ ತೂತುಗಳನ್ನೂ ಹಾಗೇ ಬಿಡಬೇಡಿ. ದೋಣಿಯನ್ನು ದಂಡೆಗೆ ಎಳೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಎಪಾಕ್ಸಿ ತುಂಬಿ ಮುಚ್ಚಿ. ಸ್ಕ್ರೂ ಸ್ಟೇನ್‌ಲೆಸ್ ಇರಲಿ, ಸಿಹಿನೀರಿಗೆ 304 ಗ್ರೇಡ್ ಸಾಕು. ಬ್ರಾಕೆಟ್‌ನಲ್ಲಿ ಬಂಡೆಗೆ ತಗುಲಿದರೆ ಮೇಲಕ್ಕೆ ಮಡಚಿಕೊಳ್ಳುವ ವ್ಯವಸ್ಥೆ ಇದ್ದರೆ ಅದನ್ನು ಬಿಗಿದು ಕಟ್ಟಿಬಿಡಬೇಡಿ, ನಮ್ಮ ಹೊಳೆಗೆ ಅದು ಬೇಕು. ದಂಡೆಗೆ ದೋಣಿ ಎಳೆಯುವಾಗಲೂ ಮೊದಲು ಮುರಿಯುವುದು ಅದೇ.

ಇನ್ನು 11ರ ಜಾಗದಲ್ಲಿ 22 ತೋರಿಸುವ ಸಂಗತಿ. ಇದು ಕೆಟ್ಟ ಲಕ್ಷಣವೇ ಅಲ್ಲ. ತಳದಲ್ಲಿ ಗಟ್ಟಿ ಮರಳೋ ಬಂಡೆಯೋ ಇದ್ದರೆ ಸದ್ದು ಜೋರಾಗಿ ವಾಪಸ್ ಬರುತ್ತದೆ. ಅದರಲ್ಲಿ ಒಂದಿಷ್ಟು ನೀರಿನ ಮೇಲ್ಮೈಗೆ ಬಡಿದು ಮತ್ತೆ ಕೆಳಗೆ ಹೋಗಿ, ಎರಡನೇ ಸಲ ತಳ ಮುಟ್ಟಿ ಬರುತ್ತದೆ. ಅದಕ್ಕೆ ಎರಡು ಪಟ್ಟು ಸಮಯ ಬೇಕು, ಯಂತ್ರ ಅದನ್ನು ಎರಡು ಪಟ್ಟು ಆಳ ಎಂದು ಓದುತ್ತದೆ. ಎರಡನೇ ಪ್ರತಿಧ್ವನಿ ಬರುವಷ್ಟು ಶಕ್ತಿ ಟ್ರಾನ್ಸ್‌ಡ್ಯೂಸರಿನಲ್ಲಿ ಇದೆ ಅಂದರೆ ಅದು ಗಟ್ಟಿಮುಟ್ಟಾಗಿದೆ ಎಂದೇ ಅರ್ಥ. ಅಂಗಡಿಯವರಿಗೆ ಇದೇ ಮಾತು ಹೇಳಿ. ಸೆನ್ಸಿಟಿವಿಟಿ ಸ್ವಲ್ಪ ಇಳಿಸಿ, ಪರದೆಯ ಆಳದ ಮಿತಿಯನ್ನು ಕೈಯಿಂದಲೇ 20 ಅಡಿಗೆ ಕಟ್ಟಿಹಾಕಿ. 22 ಬರುವುದು ನಿಲ್ಲುತ್ತದೆ.

ಪರೀಕ್ಷೆ ಎಂದು ಕೆಲವರು ಬಕೆಟ್‌ನಲ್ಲಿ ನೀರು ತುಂಬಿ ಟ್ರಾನ್ಸ್‌ಡ್ಯೂಸರ್ ಮುಳುಗಿಸಿ ನೋಡುತ್ತಾರೆ. ಅದರಿಂದ ಆಳದ ಬಗ್ಗೆ ಏನೂ ತಿಳಿಯುವುದಿಲ್ಲ. ಸದ್ದು ಬಿಟ್ಟ ಮೇಲೂ ಬಿಲ್ಲೆ ಸ್ವಲ್ಪ ಹೊತ್ತು ನಡುಗುತ್ತಲೇ ಇರುತ್ತದೆ. ಅಷ್ಟರೊಳಗೆ ಬಂದ ಪ್ರತಿಧ್ವನಿ ಅದಕ್ಕೆ ಕೇಳಿಸುವುದಿಲ್ಲ. ಅದಕ್ಕೇ ಸುಮಾರು ಎರಡು ಅಡಿಗಿಂತ ಕಡಿಮೆ ನೀರಿನಲ್ಲಿ ಇವು ಏನೇನೋ ತೋರಿಸುತ್ತವೆ. ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದೇ: ಯಂತ್ರ ಚಾಲೂ ಮಾಡಿ ಟ್ರಾನ್ಸ್‌ಡ್ಯೂಸರನ್ನು ಕಿವಿ ಹತ್ತಿರ ಹಿಡಿಯಿರಿ. ಟಿಕ್ ಟಿಕ್ ಎಂದು ಸಣ್ಣ ಸದ್ದು ಕೇಳಿದರೆ ಅದು ಕೆಲಸ ಮಾಡುತ್ತಿದೆ. ಕೇಳಿದ ತಕ್ಷಣ ಬಂದ್ ಮಾಡಿ, ಗಾಳಿಯಲ್ಲಿ ಹೊತ್ತುಗಟ್ಟಲೆ ಓಡಿಸುವುದು ಒಳ್ಳೆಯದಲ್ಲ. ಮಲ್ಟಿಮೀಟರ್ ಹಿಡಿದು ಓಂ ನೋಡಿ ತೀರ್ಪು ಕೊಡುವವರನ್ನೂ ನಂಬಬೇಡಿ. ಸೆರಾಮಿಕ್ ಬಿಲ್ಲೆ ಕೆಪ್ಯಾಸಿಟರ್ ಇದ್ದ ಹಾಗೆ, ಚೆನ್ನಾಗಿದ್ದರೂ ಮೀಟರಿನಲ್ಲಿ ತಂತಿ ಕಡಿದಂತೆ ಕಾಣಬಹುದು. ಮತ್ತೆ ಪರದೆ ಮೇಲೆ ರಾಶಿ ಮೀನು ಕಂಡರೆ ಮೆನುವಿನಲ್ಲಿ ಡೆಮೊ ಅಥವಾ ಸಿಮ್ಯುಲೇಟರ್ ಬಂದ್ ಇದೆಯಾ ನೋಡಿ. ಅಂಗಡಿಯಲ್ಲಿ ತೋರಿಸಲು ಹಾಕಿದ್ದು ಹಾಗೇ ಉಳಿದಿರುತ್ತದೆ.

ನಿಜವಾದ ಪರೀಕ್ಷೆ ನೀರಿನ ಮೇಲೆಯೇ ಆಗಬೇಕು. ಕೆರೆಗಳ ಆಳ ಅಳೆಯುವವರು ಬಳಸುವ ಹಳೆಯ ವಿಧಾನ ಒಂದಿದೆ, ಅದನ್ನು ಬಾರ್ ಚೆಕ್ ಎನ್ನುತ್ತಾರೆ. ಒಂದು ಅಡಿ ಚೌಕದ ಕಬ್ಬಿಣದ ತಗಡು, ಅದರ ನಾಲ್ಕು ಮೂಲೆಗೂ ಹಗ್ಗ. ಹಗ್ಗವನ್ನು ಮೊದಲು ನೆನೆಸಿ, ಎಳೆದು ಬಿಗಿ ಮಾಡಿ, ಆಮೇಲೆ ಅಳತೆಯ ಗಂಟು ಹಾಕಿ. ಒಣ ಹಗ್ಗಕ್ಕೆ ಹಾಕಿದ ಗಂಟು ನೀರಿಗೆ ಇಳಿದರೆ ಸುಳ್ಳು ಹೇಳುತ್ತದೆ. ಗಾಳಿ ಇಲ್ಲದ ಹೊತ್ತು, ಹರಿವಿಲ್ಲದ ನೀರು ನೋಡಿಕೊಂಡು ತಗಡನ್ನು ಟ್ರಾನ್ಸ್‌ಡ್ಯೂಸರಿನ ನೇರ ಕೆಳಗೆ, ನೀರಿನ ಮಟ್ಟದಿಂದ 5 ಅಡಿಗೆ ಇಳಿಸಿ. ಪರದೆ ಮೇಲೆ ತಳಕ್ಕಿಂತ ಮೇಲೆ ಒಂದು ಗಟ್ಟಿ ಗೆರೆ ಕಾಣುತ್ತದೆ. ಆಮೇಲೆ 8 ಅಡಿ, 10 ಅಡಿ. ಗೆರೆ ಎಲ್ಲ ಕಡೆ ಒಂದೇ ಅಳತೆಯಷ್ಟು ಕಡಿಮೆ ಬಂದರೆ, ಉದಾಹರಣೆಗೆ ಅರ್ಧ ಅಡಿ, ಅದು ಟ್ರಾನ್ಸ್‌ಡ್ಯೂಸರ್ ನೀರಿನ ಮಟ್ಟಕ್ಕಿಂತ ಅಷ್ಟು ಕೆಳಗಿದೆ ಎಂದು. ಮೆನುವಿನಲ್ಲಿ ಕೀಲ್ ಆಫ್‌ಸೆಟ್ ಎಂದು ಇರುತ್ತದೆ, ಅಲ್ಲಿ ಆ ಅರ್ಧ ಅಡಿ ಕೂಡಿಸಿ. ಆಳ ಹೆಚ್ಚಿದಂತೆ ತಪ್ಪೂ ಹೆಚ್ಚುತ್ತಾ ಹೋದರೆ ಮಾತ್ರ ಹಗ್ಗವನ್ನೋ ಯಂತ್ರವನ್ನೋ ಅನುಮಾನಿಸಬೇಕು. ಮೊದಲು ಹಗ್ಗವನ್ನು ಅನುಮಾನಿಸಿ.

ಗಳ ಇಳಿಸಿ ನೋಡುವುದೂ ಒಳ್ಳೆಯದೇ, ಆದರೆ ಎಲ್ಲ ತಳಕ್ಕೂ ಅಲ್ಲ. ಹೊಳೆಯ ಮರಳಿನಲ್ಲಿ ಗಳ ಮತ್ತು ಸೋನಾರ್ ಹೊಂದುತ್ತವೆ. ಗದಗ ಕಡೆಯ ಎರೆಮಣ್ಣಿನ ಕೆರೆಗಳಲ್ಲಿ ಹೊಂದುವುದಿಲ್ಲ. ಅಲ್ಲಿ ವರ್ಷಗಟ್ಟಲೆ ಕೂತ ಹೂಳು ಗಂಜಿಯ ಹಾಗೆ ತೆಳ್ಳಗಿರುತ್ತದೆ. ಯಂತ್ರ ಬಿಡುವ 200 ಕಿಲೋಹರ್ಟ್ಜ್‌ನ ಸದ್ದು ಹೂಳಿನ ಮೇಲ್ಪದರಕ್ಕೇ ಬಡಿದು ತಿರುಗುತ್ತದೆ, ಗಳ ಅದರೊಳಗೆ ಅಡಿಗಟ್ಟಲೆ ಇಳಿಯುತ್ತದೆ. ಯಂತ್ರ 6 ಅಡಿ, ಗಳ 8 ಅಡಿ ಎಂದರೆ ಯಾರದ್ದೂ ತಪ್ಪಲ್ಲ, ನಡುವಿನ ಎರಡು ಅಡಿ ಹೂಳು. ಕೆರೆಗೆ ಮೀನು ಮರಿ ಬಿಡುವ ಲೆಕ್ಕಕ್ಕೆ ಸೋನಾರಿನ ಅಂಕಿ ತೆಗೆದುಕೊಳ್ಳಿ, ಮೀನು ಇರುವುದು ಹೂಳಿನ ಮೇಲಿನ ನೀರಿನಲ್ಲಿ.

ಪರೀಕ್ಷೆಗೆ ಜಾಗ ಯಾವುದು ಎಂದರೆ, ನಿಮಗೆ ಆಳ ಮೊದಲೇ ಗೊತ್ತಿರುವ ಮಡು ಎಲ್ಲಕ್ಕಿಂತ ಒಳ್ಳೆಯದು. ಬೇಸಿಗೆಯಲ್ಲಿ ಹೊಳೆ ಇಳಿದಾಗ ಕಂಡ ಬಂಡೆ, ದಿಬ್ಬ ನಿಮಗೆ ನೆನಪಿರುತ್ತವೆ. ಅವು ಪರದೆ ಮೇಲೆ ಹೇಗೆ ಕಾಣುತ್ತವೆ ಎಂದು ನೋಡಿ ಕಲಿಯಬಹುದು. ಮುಂಡರಗಿ ಕಡೆ ಇರುವವರಿಗೆ ಹಮ್ಮಿಗಿ ಬ್ಯಾರೇಜಿನ ಹಿನ್ನೀರು ಇದೆ, ಆದರೆ ಗೇಟಿನ ಹತ್ತಿರ ಸುಳಿಯಬೇಡಿ. ಮಳೆಗಾಲದಲ್ಲಿ ಗಾಜನೂರಿನ ತುಂಗಾ ಜಲಾಶಯ, ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ನೀರು ಬಿಟ್ಟರೆ ನಿಮ್ಮ ಊರಿನಲ್ಲಿ ಮಳೆ ಇಲ್ಲದಿದ್ದರೂ ಹೊಳೆ ಏರುತ್ತದೆ. ಆ ದಿನಗಳು ಪರೀಕ್ಷೆಯ ದಿನಗಳಲ್ಲ, ಕೆಂಪು ನೀರಿನ ರಭಸದಲ್ಲಿ ಪರದೆಯೂ ಗಲೀಜಾಗಿರುತ್ತದೆ. ಶಿರಹಟ್ಟಿ ಹತ್ತಿರದ ಮಾಗಡಿ ಕೆರೆಗೆ ಮಾತ್ರ ಹೋಗಬೇಡಿ. ಚಳಿಗಾಲಕ್ಕೆ ಪಟ್ಟೆತಲೆ ಹೆಬ್ಬಾತುಗಳು ಬಂದು ಇಳಿಯುವ ಕೆರೆ ಅದು, 2024ರಲ್ಲಿ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್‌ಸಾರ್ ಪಟ್ಟಿಗೂ ಸೇರಿದೆ. ಎಂಜಿನ್ ಸದ್ದಿಗೆ ಅಲ್ಲೇನು ಕೆಲಸ?

ಒಳಗೆ ಅಂಟಿಸಬಹುದಾ ಎಂದು ಕೇಳಿದ್ದೀರಿ. ಆಗುತ್ತದೆ, ಆದರೆ ದೋಣಿಯ ತಳ ಒಂದೇ ಪದರದ ಗಟ್ಟಿ ಫೈಬರ್ ಆಗಿದ್ದರೆ ಮಾತ್ರ. ನಡುವೆ ಥರ್ಮಾಕೋಲಿನಂಥ ಫೋಮ್ ಇದ್ದರೆ, ಪ್ಲೈವುಡ್ ಇದ್ದರೆ, ಎರಡು ತಳದ ನಡುವೆ ಟೊಳ್ಳು ಇದ್ದರೆ ಆಗುವುದಿಲ್ಲ. ಮತ್ತೆ ಅದೇ ಗಾಳಿಯ ಕಥೆ. ರೂಪಾಯಿ ನಾಣ್ಯದಿಂದ ತಳ ತಟ್ಟಿ ನೋಡಿ, ಟೊಳ್ಳು ಸದ್ದು ಬಂದ ಕಡೆ ಬಿಡಿ. ಸಣ್ಣ ಫೈಬರ್ ದೋಣಿಗಳಲ್ಲಿ ಮುಳುಗದಿರಲೆಂದು ಫೋಮ್ ತುಂಬಿರುವುದು ಸಾಮಾನ್ಯ, ಹಾಗಾಗಿ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಅಂಟಿಸುವ ಮೊದಲು ಪರೀಕ್ಷೆ ಹೀಗೆ: ಗಟ್ಟಿ ಎನಿಸಿದ ಜಾಗದಲ್ಲಿ ಒಂದು ಲೋಟ ನೀರು ಸುರಿದು, ಟ್ರಾನ್ಸ್‌ಡ್ಯೂಸರಿನ ಮುಖವನ್ನು ಆ ನೀರಿನಲ್ಲಿ ತಳಕ್ಕೆ ಒತ್ತಿ ಹಿಡಿಯಿರಿ. ಹೊರಗೆ ಹಿಡಿದಾಗ ಬಂದ ಆಳವೇ ಬಂದರೆ ಅಂಟಿಸಬಹುದು. ನಿಧಾನಕ್ಕೆ ಗಟ್ಟಿಯಾಗುವ ಎಪಾಕ್ಸಿ ಬಳಸಿ, ಕಲಸುವಾಗ ಗುಳ್ಳೆ ಏಳಿಸಬೇಡಿ, ಮುಖವನ್ನು ಓರೆಯಾಗಿ ಇಳಿಸಿ ಒತ್ತಿ ತಿರುವಿ. ಸಿಲಿಕೋನ್ ಇಲ್ಲೂ ಬೇಡ, ಅದು ಸದ್ದನ್ನು ನುಂಗುತ್ತದೆ. ಒಳಗೆ ಕೂರಿಸಿದರೆ ಸದ್ದು ಫೈಬರನ್ನು ಎರಡು ಸಲ ದಾಟಬೇಕು, ಶಕ್ತಿ ಕಡಿಮೆಯಾಗುತ್ತದೆ. ನೀರಿನ ಉಷ್ಣತೆಯ ಬದಲು ದೋಣಿಯ ಉಷ್ಣತೆ ಕಾಣುತ್ತದೆ. 455, 800 ಕಿಲೋಹರ್ಟ್ಜ್‌ನಲ್ಲಿ ಫೋಟೋದಂತೆ ತಳ ತೋರಿಸುವ ಇಮೇಜಿಂಗ್ ಇದ್ದರೆ ಅದು ಒಳಗಿನಿಂದ ಕೆಲಸ ಮಾಡುವುದಿಲ್ಲ. ನಿಮ್ಮ ಹೊಳೆಯ ಆಳಕ್ಕೆ ಶಕ್ತಿಯ ಕೊರತೆ ಆಗದು, ಆದರೂ ನಾನಾದರೆ ಹೊರಗೇ ಕೂರಿಸುತ್ತೇನೆ.

ಪರದೆಯ ಅಂಕಿಯನ್ನು ಎಷ್ಟು ನಂಬಬೇಕು ಎನ್ನುವುದಕ್ಕೂ ಒಂದು ಮಾತು. ಸದ್ದು ಕೆಳಗೆ ಹೋಗುತ್ತಾ ಅಗಲ ಆಗುತ್ತದೆ. 20 ಡಿಗ್ರಿ ಕೋನದ್ದಾದರೆ 11 ಅಡಿ ಆಳದಲ್ಲಿ ಸುಮಾರು 4 ಅಡಿ ಅಗಲದ ತಳ ನೋಡುತ್ತದೆ. 60 ಡಿಗ್ರಿಯದ್ದಾದರೆ ಹತ್ತಿರ ಹತ್ತಿರ 13 ಅಡಿ. ಅಷ್ಟಗಲದಲ್ಲಿ ಮೊದಲು ತಗುಲಿದ ಎತ್ತರದ ಭಾಗದ ಆಳವನ್ನೇ ಅದು ಹೇಳುತ್ತದೆ. ಮರಳು ತೆಗೆದ ಕಿರಿದಾದ ಗುಂಡಿ ಅದಕ್ಕೆ ಕಾಣದೇ ಹೋಗಬಹುದು. ಹಾಗಾಗಿ 4 ಅಡಿ ಎಂದು ತೋರಿಸಿತು ಅಂತ ಬಲೆ ಬಿಡಿಸಲು ದೋಣಿಯಿಂದ ಧುಮುಕಬೇಡಿ, ಮೊದಲು ಗಳ ಇಳಿಸಿ. ಮೀನಿನ ಚಿತ್ರ ತೋರಿಸುವ ಸೌಲಭ್ಯವನ್ನೂ ಬಂದ್ ಮಾಡಿಬಿಡಿ. ಅದು ಕೊಂಬೆಯನ್ನೂ, ಬಲೆಯ ತೇಲುಗುಂಡನ್ನೂ, ಕೆಳಗಿನಿಂದ ಏಳುವ ಗುಳ್ಳೆಯನ್ನೂ ಮೀನು ಎಂದೇ ಬರೆಯುತ್ತದೆ. ಕಾಟ್ಲಾ, ರೋಹು ಮೀನುಗಳ ಹೊಟ್ಟೆಯೊಳಗೆ ಗಾಳಿಚೀಲ ಇದೆ, ಸದ್ದು ತಿರುಗಿ ಬರುವುದು ಹೆಚ್ಚಾಗಿ ಅದರಿಂದಲೇ. ಮೀನು ಕೋನದ ಒಳಗೆ ಬಂದು ಹೊರಗೆ ಹೋದರೆ ಪರದೆ ಮೇಲೆ ಬಿಲ್ಲಿನಂತೆ ಬಾಗಿದ ಗೆರೆ ಬರುತ್ತದೆ. ಅದನ್ನು ಗುರುತಿಸಲು ಕಲಿತರೆ ಚಿತ್ರ ಬೇಕಾಗುವುದಿಲ್ಲ.

ಹರಿಗೋಲಿಗೆ ಧಾರಾಳ ಕಟ್ಟಬಹುದು. ಮೇಲೆ ಹೇಳಿದ ರೀಪನ್ನು ಎಸೆಯದೆ ಇಟ್ಟುಕೊಳ್ಳಿ. ಟ್ರಾನ್ಸ್‌ಡ್ಯೂಸರ್ ಕಟ್ಟಿದ ರೀಪನ್ನು ಹರಿಗೋಲಿನ ಅಂಚಿನ ಬಿದಿರಿಗೆ ಹಗ್ಗದಿಂದ ಬಿಗಿದು, ಮುಖ ಹರಿಗೋಲಿನ ತಳಕ್ಕಿಂತ ಒಂದಿಷ್ಟು ಕೆಳಗೆ ಬರುವಂತೆ ಇಳಿಸಿ. ಎಂಜಿನ್ ಇಲ್ಲ, ವೇಗ ಇಲ್ಲ, ಗುಳ್ಳೆಯ ತಂಟೆಯೂ ಇಲ್ಲ. ನಿಮ್ಮ ದೋಣಿಗಿಂತ ಸ್ವಚ್ಛ ಚಿತ್ರ ಅದರಲ್ಲೇ ಬಂದರೆ ಆಶ್ಚರ್ಯ ಪಡಬೇಡಿ. ಸಣ್ಣ ಬ್ಯಾಟರಿಯನ್ನು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ, ಹರಿಗೋಲಿನ ತಳದಲ್ಲಿ ನೀರು ನಿಲ್ಲುವುದು ನಿಮಗೇ ಗೊತ್ತು. ಪ್ರತಿ ಸಲ ಬಿಚ್ಚಿದ ಮೇಲೆ ಟ್ರಾನ್ಸ್‌ಡ್ಯೂಸರಿನ ಮುಖವನ್ನು ಸೋಪು ನೀರಿನಿಂದ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ. ಪಾಚಿ ಕಟ್ಟಿದ್ದರೆ ಉಗುರಿನಿಂದ ತೆಗೆಯಿರಿ, ಚಾಕು ಹಾಕಬೇಡಿ.